ಮಿಟನ್ ಸರೋವರದ ಶ್ರೀಮತಿ ವಾಲೈಯವರ ಸನ್ನಿಧಾನಕ್ಕೆ, ಬಾಲದ ಕಡೆಯಿಂದ ಬಲೆ ಹಾಕಿದವಳ ಅಹವಾಲು

ಇವರಿಗೆ,
ಶ್ರೀಮತಿ ವಾಲೈ ಮೀನಿನವರು,
ಉತ್ತರ ದಂಡೆಯ ಕಲ್ಲುದಿಣ್ಣೆಯ ಬುಡ, ಇಪ್ಪತ್ತಾರು ಅಡಿ ಆಳ,
ಮಿಟನ್ ಸರೋವರ, ಸೋರ್‌ವಿಕ್ ಊರು, ಉತ್ತರ ಮಿನೆಸೋಟ.

ಮಾನ್ಯರೇ,

ತಮ್ಮ ಮುಳ್ಳುರೆಕ್ಕೆಗಳಿಗೆ ನಮಸ್ಕರಿಸಿ, ತಮ್ಮ ಗಾಜುಗಣ್ಣುಗಳಿಗೆ ಬಿಸಿಲು ಚುಚ್ಚದಿರಲಿ, ತಮ್ಮ ಹೊಟ್ಟೆಗೆ ಮೀನುಮರಿಗಳ ಕೊರತೆ ಬಾರದಿರಲಿ ಎಂದು ಹಾರೈಸಿ, ಸೋರ್‌ವಿಕ್ ಊರಿನವಳೂ, ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ಒಂದೇ ಒಂದು ಮಗುವನ್ನೂ ಹಿಮದಲ್ಲಿ ಮರೆತು ಬಾರದವಳೂ ಆದ ಆರ್ಲಿಸ್ ಟ್ವೈಟ್ ಎಂಬ ನಾನು ಈ ಬಹಿರಂಗ ಪತ್ರವನ್ನು ತಮ್ಮ ಪಾದಗಳಿಗೆ, ಪಾದಗಳಿಲ್ಲದ ಕಾರಣ ಬಾಲಕ್ಕೆ, ಅರ್ಪಿಸುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಡೆಲ್ಮರನ ಎರೆ ಅಂಗಡಿಯ ಫಲಕಕ್ಕೆ, ಚರ್ಚಿನ ಮೀನೂಟದ ಪ್ರಕಟಣೆಗೂ ಕಳೆದುಹೋದ ನಾಯಿಯ ಚಿತ್ರಕ್ಕೂ ನಡುವೆ, ಮೊಳೆ ಹೊಡೆದು ತೂಗುಹಾಕಲಾಗಿದೆ. ಇನ್ನೊಂದು ಪ್ರತಿಯನ್ನು ತಮಗೆ ತಲುಪಿಸುವ ಬೇರೆ ದಾರಿ ಕಾಣದೆ, ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಬಾಯಿಗೆ ಬಾಯಿಟ್ಟು ನಾನೇ ಗಟ್ಟಿಯಾಗಿ ಓದಿದ್ದೇನೆ. ಸಾಕ್ಷಿಗೆಂದು ಕರೆದುಕೊಂಡು ಹೋಗಿದ್ದ ನನ್ನ ಗಂಡ ಗೇಲನ್, "ಅವಳಿಗೆ ಕೇಳಿಸ್ತೋ ಇಲ್ವೋ ಗೊತ್ತಿಲ್ಲ, ಆಚೆ ದಡದೋರಿಗಂತೂ ಕೇಳಿಸ್ತು" ಎಂದು ದೃಢಪಡಿಸಿದ್ದಾನೆ.

ಮೊದಲಿಗೆ, ತಮ್ಮ ಹಿರಿಮೆಯನ್ನು ಎರಡು ಮಾತಿನಲ್ಲಿ ಹೇಳದೆ ದೂರಿಗೆ ಇಳಿಯುವುದು ಸಭ್ಯತೆಯಲ್ಲ. ಇಡೀ ಊರು ತಮ್ಮ ಕೃಪೆಯಿಂದ ಹುಚ್ಚಾಗಿದೆ. ಮೇ ತಿಂಗಳ ಎರಡನೆಯ ಶನಿವಾರ ಮೀನುಗಾರಿಕೆ ತೆರೆಯುವ ದಿನ, ಮದುವೆಯಾದವರು ಮದುವೆ ದಿನವನ್ನು ಮರೆತರೂ ಇದನ್ನು ಮರೆಯರು. ಆ ದಿನ ಆಕಾಶದಿಂದ ಆಲಿಕಲ್ಲು, ಮಳೆ, ಹಿಮ ಮೂರೂ ಸರದಿಯಲ್ಲಿ ಬೀಳುವಂತೆ ತಾವು ಮೇಲಿನವರೊಂದಿಗೆ ಮಾಡಿಕೊಂಡಿರುವ ಒಪ್ಪಂದ ನನ್ನ ಅರವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ನಾವು ದೋಣಿಯಲ್ಲಿ ಕುಳಿತು, ಬೆರಳು ಮರಗಟ್ಟಿ, ಮೂಗು ಸೋರಿ, ಪರಸ್ಪರ "ಪರವಾಗಿಲ್ಲ ಅಲ್ವಾ? ಇನ್ನೂ ಕೆಟ್ಟದಾಗ್ಬಹುದಿತ್ತು" ಎಂದು ಸಮಾಧಾನ ಹೇಳಿಕೊಳ್ಳುತ್ತಿರುವಾಗ, ರಾಜಧಾನಿಯಿಂದ ಬಂದ ಯಾವನೋ ಒಬ್ಬ, ಗಾಳದ ಕೋಲನ್ನು ತಲೆಕೆಳಗಾಗಿ ಹಿಡಿದು, ಎರೆಯ ಜಿಗಣೆಯನ್ನು ಮುಟ್ಟಲು ಅಸಹ್ಯಪಟ್ಟು ಹೆಂಡತಿಯ ಕೈಯಿಂದ ಅದನ್ನು ಗಾಳಕ್ಕೆ ಹಾಕಿಸಿಕೊಂಡವನು, ನಮ್ಮ ಕಣ್ಣೆದುರಿಗೇ ತಮ್ಮ ಬಂಧುಗಳನ್ನು ಒಬ್ಬೊಬ್ಬರನ್ನಾಗಿ ಎತ್ತುತ್ತಾನೆ. ಅತಿಥಿ ಸತ್ಕಾರದಲ್ಲಿ ತಮಗೆ ಸಮಾನರಿಲ್ಲ.

ಜೂನ್ ಕೊನೆಗೆ ಒಂದೇ ದಿನ ಬದುಕುವ ರೆಕ್ಕೆಹುಳಗಳು ನೀರಿನಿಂದ ಮೋಡದಂತೆ ಏಳುತ್ತವೆ, ಊರಿನ ಪೆಟ್ರೋಲ್ ಬಂಕಿನವರು ಅವನ್ನು ಸಲಿಕೆಯಿಂದ ಬಾಚುತ್ತಾರೆ, ಮತ್ತು ತಾವು ಹದಿನೈದು ದಿನ ಅವನ್ನೇ ತಿಂದು, ಹೊಟ್ಟೆ ಬಿರಿದು, ನಾವು ಇಳಿಬಿಟ್ಟ ದುಬಾರಿ ಜಿಗಣೆಯ ಮುಂದೆ ಮುಖ ತಿರುಗಿಸಿ ಮಲಗುತ್ತೀರಿ. ಗಾಳಿಯಿಲ್ಲದೆ ನೀರು ಕನ್ನಡಿಯಂತಿದ್ದರೆ ತಮ್ಮ ಕಣ್ಣಿಗೆ ಬೆಳಕು ನೋವು. ಗಾಳಿ ಜೋರಾದರೆ ನಮ್ಮ ದೋಣಿಗೆ ನೋವು. ಇವೆರಡರ ನಡುವೆ ಅಲೆ ಅಂಗೈಯಗಲ ಎದ್ದು ಮೋಡ ಕವಿದ ಒಂದು ಗಂಟೆಯನ್ನು ತಾವು ನಮಗಾಗಿ ಮೀಸಲಿಟ್ಟಿದ್ದೀರಂತೆ, ಆ ಗಂಟೆ ಪ್ರತಿ ಸಲವೂ ನಾನು ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದಿರುವಾಗಲೇ ಬರುತ್ತದೆ. ಆಗಸ್ಟಿನಲ್ಲಿ ಪಾಚಿಯೊಳಗೆ ಅಡಗುತ್ತೀರಿ. ಗೇಲನ್ ನನ್ನ ಹೊಸ ಪರದೆಗಳಿಗೆಂದು ಎತ್ತಿಟ್ಟಿದ್ದ ದುಡ್ಡನ್ನು ಸುರಿದು ತಂದ, ನೀರಿನ ತಳದ ಮೀನು ತೋರಿಸುವ ಯಂತ್ರದಲ್ಲಿ ತಾವು ಹಳದಿ ಗೆರೆಯಾಗಿ ಕಾಣಿಸಿಕೊಂಡು, ನಾವು ಗಾಳ ಇಳಿಸಿದೊಡನೆ ಆ ಗೆರೆಯನ್ನು ಸಾವಕಾಶವಾಗಿ ಪರದೆಯಿಂದಾಚೆಗೆ ಒಯ್ಯುವ ಗಾಂಭೀರ್ಯವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಕಿಟಕಿಗಳಿಗೆ ಪರದೆಯೂ ಇಲ್ಲ.

ಇವೆಲ್ಲ ಸಣ್ಣ ಮಾತು. ನಾನು ಕಾಗದ ಹಿಡಿದು ಕುಳಿತದ್ದು ಬೇರೆ ವಿಷಯಕ್ಕೆ. ಒಂಬತ್ತು ವರ್ಷಗಳ ಹಿಂದೆ ಸೆಪ್ಟೆಂಬರಿನ ಒಂದು ಬೆಳಿಗ್ಗೆ ತಾವು ನನ್ನ ಮರ್ಯಾದೆಯನ್ನೂ ನನ್ನ ಅಕ್ಕನನ್ನೂ ಒಟ್ಟಿಗೆ ತೆಗೆದುಕೊಂಡು ಆಳಕ್ಕೆ ಹೋದಿರಿ. ಆ ಎರಡರಲ್ಲಿ ಒಂದನ್ನು ಇತ್ತೀಚೆಗೆ ಹಿಂದಿರುಗಿಸಿದ್ದೀರಿ. ಇನ್ನೊಂದು ಬಾಕಿ ಇದೆ.

ನೆನಪಿಗಾಗಿ ಹೇಳುತ್ತೇನೆ, ತಮಗೆ ಅಂದು ಗಡಿಬಿಡಿಯಿತ್ತು. ದೋಣಿಯ ಮುಂದೆ ನನ್ನ ಅಕ್ಕ ಲವೋನ್, ನಡುವೆ ಕಾಫಿಯ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡ ಗೇಲನ್, ಹಿಂದೆ ನಾನು. ಲವೋನಳ ಕೋಲು ಬಾಗಿತು. "ಕಲ್ಲಿಗೆ ಸಿಕ್ಕೊಂಡಿದೆ," ಎಂದಳು. ಸ್ವಲ್ಪ ಹೊತ್ತಿಗೆ, "ಈ ಕಲ್ಲು ನಡೀತಿದೆ ಕಣೇ, ಆರ್ಲಿಸ್. ಬಲೆ ತಗೋ" ಎಂದಳು. ನಾನು ಉದ್ದ ಹಿಡಿಯ ಕೈಬಲೆಯನ್ನು ತೆಗೆದುಕೊಂಡೆ. ಇಪ್ಪತ್ತು ನಿಮಿಷದ ಮೇಲೆ ತಾವು ಮೇಲೆ ಬಂದು, ಬೆನ್ನುರೆಕ್ಕೆಯ ಮೂರನೆಯ ಮುಳ್ಳಿಲ್ಲದ್ದನ್ನೂ ಬಾಲದ ಕೆಳತುದಿಯ ಬಿಳಿಗುರುತು ಅರ್ಧ ಹರಿದಿದ್ದನ್ನೂ ನಮಗೆ ಚೆನ್ನಾಗಿ ತೋರಿಸಿ, ದೋಣಿಯನ್ನು ಬಳಸಿ, ನನ್ನ ಮೂತಿಯ ಮುಂದೆ ಬಾಲ ತಿರುಗಿಸಿದಿರಿ. ಮೀನಿಗೆ ಬಲೆಯನ್ನು ತಲೆಯ ಕಡೆಯಿಂದ ಹಾಕಬೇಕು. ಬಾಲಕ್ಕೆ ಬಲೆ ತಾಕಿದರೆ ಮೀನು ಮುಂದಕ್ಕೆ ನೆಗೆಯುತ್ತದೆ, ತಲೆಗೆ ಒಡ್ಡಿದರೆ ತಾನೇ ಒಳಗೆ ಹೋಗುತ್ತದೆ. ಇದು ಈ ಊರಿನಲ್ಲಿ ಮಾತು ಕಲಿಯುವ ಮೊದಲು ಕಲಿಯುವ ಪಾಠ. ನನಗೂ ಗೊತ್ತಿತ್ತು. ಆದರೂ ಬಾಲದ ಕಡೆಯಿಂದ ಹಾಕಿದೆ. ಏಕೆಂದು ಒಂಬತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ತಾವು ಅಷ್ಟು ದೊಡ್ಡವರಿದ್ದಿರಿ, ನಾನು ಹೆದರಿದೆ, ಅಷ್ಟೇ.

ತಾವು ನೆಗೆದಿರಿ, ದಾರ ಸಡಿಲವಾಯಿತು. ಲವೋನ್ ಅವಸರವಾಗಿ ದಾರ ಸುತ್ತಿಕೊಂಡು, ಅದರ ತುದಿಯನ್ನು ಒಮ್ಮೆ ನೋಡಿ, ಗೇಣುದ್ದ ಕತ್ತರಿಸಿ, ಮುಷ್ಟಿ ಮುಚ್ಚಿ, ಕೋಟಿನ ಜೇಬಿಗಿಳಿಸಿದಳು. ನಾಚಿಕೆಪಡುವ ಕೆಲಸದಲ್ಲಿ ಮುಳುಗಿದ್ದ ನಾನು ಅದನ್ನು ಕೇಳಿ ನೋಡಲಿಲ್ಲ. ಯಾರನ್ನೇ ಬೈಯುವ ಮೊದಲು ದಾರದ ತುದಿ ನೋಡಿ ಎಂದು ನಮ್ಮಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದರು: ಎಳೆತಕ್ಕೆ ಕಡಿದ ದಾರದ ತುದಿ ನೆಟ್ಟಗಿರುತ್ತದೆ, ಗಾಳಕ್ಕೆ ಕಟ್ಟಿದ ಗಂಟು ಜಾರಿ ಬಿಚ್ಚಿಕೊಂಡಿದ್ದರೆ ತುದಿ ಹಂದಿಯ ಬಾಲದಂತೆ ಸುರುಳಿ ಸುತ್ತಿರುತ್ತದೆ. ಆದರೆ ಬೈಯುವವರು ಯಾರೂ ಇರಲಿಲ್ಲವಲ್ಲ. ಲವೋನ್ ನನ್ನನ್ನು ಬೈಯಲಿಲ್ಲ. ನೀರನ್ನು ನೋಡುತ್ತ, "ಹ್ಞೂಂ. ಹೀಗೂ ಆಗುತ್ತೆ" ಎಂದಳು. ಆಮೇಲೆ ಕಾಫಿ ಬಗ್ಗಿಸಿ ಮೊದಲ ಲೋಟವನ್ನು ನನಗೇ ಕೊಟ್ಟಳು. ನಮ್ಮ ಕಡೆಯ ರೀತಿ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಅವಳು ಫ್ಲಾಸ್ಕಿನಿಂದ ನನ್ನ ತಲೆಗೆ ಹೊಡೆದಿದ್ದರೆ ಸಂಜೆಯೊಳಗೆ ಸರಿಹೋಗುತ್ತಿತ್ತು.

ಮರುದಿನ ಅವಳು ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಗೇಲನ್ ಡೆಲ್ಮರನ ಅಂಗಡಿಯಲ್ಲಿ ಬಾಯಿಬಿಟ್ಟ, "ನಮ್ಮೋಳು ಬಾಲದ ಕಡೆಯಿಂದ ಹಾಕಿಬಿಟ್ಲು ಅನ್ಸುತ್ತೆ" ಎಂದು, ಅದೂ ಹದಿನಾಲ್ಕು ಜನ ಮೀನುಮರಿ ಕೊಳ್ಳಲು ನಿಂತಿದ್ದ ಶನಿವಾರ. ಅಂದಿನಿಂದ ಈ ಊರಿನಲ್ಲಿ ನನ್ನ ಕೈಗೆ ಯಾರೂ ಬಲೆ ಕೊಟ್ಟಿಲ್ಲ. ಅವರ ಮಕ್ಕಳನ್ನು ಮಂಜುಗಟ್ಟಿದ ರಸ್ತೆಯಲ್ಲಿ ದಿನಕ್ಕೆರಡು ಸಲ ನನ್ನ ಕೈಗೆ ಕೊಟ್ಟರು, ಬಲೆಯನ್ನು ಮಾತ್ರ ಕೊಡಲಿಲ್ಲ. ಚರ್ಚಿನ ಪಾದ್ರಿ ತಮ್ಮ ದೋಣಿಗೆ ಕರೆದರು, ಮೀನು ಬಿದ್ದಾಗ, "ನೀವು ಕೂತ್ಕೊಳ್ಳಿ ಆರ್ಲಿಸ್, ನಿಮಗ್ಯಾಕೆ ತೊಂದ್ರೆ" ಎಂದು ಮೊಣಕಾಲು ನೋವಿನ ತಮ್ಮ ತಾಯಿಯವರನ್ನು ಎಬ್ಬಿಸಿದರು.

ಮಾನ್ಯರೇ, ಇಲ್ಲಿ ಒಂದು ಅಂಶವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನಮ್ಮ ಸರೋವರದ ನಿಯಮದಂತೆ ಇಪ್ಪತ್ತು ಇಂಚಿಗಿಂತ ಉದ್ದದ ವಾಲೈಯನ್ನು ಹಿಡಿದ ಕ್ಷಣವೇ ನೀರಿಗೆ ಬಿಡಬೇಕು. ಅಂದರೆ ನಾನು ತಲೆಯ ಕಡೆಯಿಂದಲೇ ಬಲೆ ಹಾಕಿದ್ದರೂ, ತಮ್ಮನ್ನು ಒಂದು ಚಿತ್ರ ತೆಗೆಯುವಷ್ಟು ಹೊತ್ತು ಎತ್ತಿ ಹಿಡಿದು, ಮುದ್ದಿಸಿ, ಹೋಗಿ ಬನ್ನಿ ಎಂದು ಬಿಟ್ಟುಬಿಡಬೇಕಾಗಿತ್ತು. ಬಾಣಲೆಗೆ ಬಾರದ ಮೀನಿಗಾಗಿ, ಡೆಲ್ಮರನ ಗೋಡೆಯ ಮೇಲೆ ಒಂದು ಚಿತ್ರಕ್ಕಾಗಿ, ಒಂದೇ ಹಾಸಿಗೆಯಲ್ಲಿ ಹೊದಿಕೆ ಜಗ್ಗಾಡುತ್ತ ಬೆಳೆದ ಇಬ್ಬರು ಒಂಬತ್ತು ವರ್ಷ ಮಾತು ಬಿಟ್ಟೆವು. ಇದರಲ್ಲಿ ತಮ್ಮ ಪಾಲು ಎಷ್ಟು, ನಮ್ಮ ಪಾಲು ಎಷ್ಟು ಎಂದು ತಾವೇ ತೀರ್ಮಾನಿಸಿ.

ಆದರೂ ನಮ್ಮನ್ನು ಕಾಡುಜನ ಎಂದುಕೊಳ್ಳಬೇಡಿ. ನಮ್ಮ ತಾಯಿಯವರದೊಂದು ಅಲ್ಯೂಮಿನಿಯಂ ತಟ್ಟೆಯಿದೆ, ಆಯತಾಕಾರದ್ದು, ಕೇಕು ಬೇಯಿಸುವಂಥದ್ದು. ತಳದಲ್ಲಿ ಅಂಟುಪಟ್ಟಿಯ ಮೇಲೆ ಅವರ ಹೆಸರು ಇನ್ನೂ ಓದಲು ಬರುತ್ತದೆ. ಜಗಳದ ದಿನ ಅದು ನನ್ನ ಮನೆಯಲ್ಲಿತ್ತು. ನಾನು ಅದನ್ನು ಲವೋನಳದೆಂದು ತಿಳಿದಿದ್ದೆ, ಹಿಂದಿರುಗಿಸಬೇಕಿತ್ತು, ಮತ್ತು ಬೇರೊಬ್ಬರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಷ್ಟು ಕೆಟ್ಟವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಹಿತ್ತಲಿನ ರುಬಾರ್ಬ್ ಎಂಬ ಹುಳಿದಂಟು ಕೊಯ್ದು ಕೇಕು ಮಾಡಿ, ತುಂಬಿ, ಮಾತಿಲ್ಲದೆ ಡೆಲ್ಮರನ ಅಂಗಡಿಯ ಜಿಗಣೆ ಪೆಟ್ಟಿಗೆಯ ಮೇಲಿಟ್ಟು ಬಂದೆ. ಅವಳು ಅದನ್ನು ನನ್ನದೆಂದು ತಿಳಿದಿದ್ದಳು. ವಾರದೊಳಗೆ ಕಾಡಕ್ಕಿಯ ಅನ್ನ ತುಂಬಿ ಅದೇ ಪೆಟ್ಟಿಗೆಯ ಮೇಲೆ ಇಟ್ಟಳು. ಹೀಗೆ ಒಂಬತ್ತು ವರ್ಷ. ಯಾರೂ ಇಟ್ಟುಕೊಳ್ಳುವಂತಿಲ್ಲ, ಯಾರೂ ಖಾಲಿ ಕೊಡುವಂತಿಲ್ಲ. ಜಗಳ ಮುಗಿಸಲು ಬಾಯಿಲ್ಲ, ಮುರಿದುಕೊಳ್ಳಲು ಪಾತ್ರೆ ಬಿಡುವುದಿಲ್ಲ. ನಮ್ಮಿಬ್ಬರಿಗೂ ಹುಟ್ಟಿದಾಗಿನಿಂದ ಒಣದ್ರಾಕ್ಷಿ ಕಂಡರೆ ಆಗದು, ಆದ್ದರಿಂದ ಅವಳಿಗೆ ನನ್ನ ಮೇಲೆ ಎಷ್ಟು ಸಿಟ್ಟಿದೆ ಎಂಬುದನ್ನು ಆ ವಾರದ ಕೇಕಿನ ಒಣದ್ರಾಕ್ಷಿಯಿಂದ ತಿಳಿಯುತ್ತಿದ್ದೆ. ಡೆಲ್ಮರ್ ಮುಚ್ಚಳ ಎತ್ತಿ ನೋಡದೆ ಇರುವವನಲ್ಲ. "ನಿಮ್ಮ ಪಾತ್ರೆ ಬಂದಿದೆ ಆರ್ಲಿಸ್, ಈ ಸಲ ಸ್ವಲ್ಪ ಬಿರುಸಾಗಿದೆ, ಹುಷಾರು" ಎನ್ನುತ್ತಿದ್ದ.

ಚಳಿಗಾಲದಲ್ಲಿ ಪಾತ್ರೆಯ ಓಡಾಟ ಮೀನುಮನೆಯ ಮೂಲಕ. ಅಪ್ಪ ಕಟ್ಟಿದ ಹಲಗೆಯ ಗೂಡು ಅದು, ಕೆಳಗೆ ಜಾರುಪಟ್ಟಿಗಳಿವೆ, ಡಿಸೆಂಬರಿನಲ್ಲಿ ಮಂಜುಗಡ್ಡೆ ಗಟ್ಟಿಯಾದೊಡನೆ ತಮ್ಮ ನೆತ್ತಿಯ ಮೇಲೆ ಎಳೆದು ತಂದು ನಿಲ್ಲಿಸುತ್ತೇವೆ. ಒಳಗೆ ಒಂದು ಕಬ್ಬಿಣದ ಒಲೆ, ಎರಡು ಸ್ಟೂಲು, ನೆಲದಲ್ಲಿ ಬೈರಿಗೆಯಿಂದ ಕೊರೆದ ಎರಡು ತೂತು. ಅಕ್ಕನಿಗೊಂದು, ತಂಗಿಗೊಂದು ಎಂದು ಅಪ್ಪ ಮಾಡಿದ್ದು. ಜಗಳದ ನಂತರ ಸೋಮವಾರ, ಬುಧವಾರ, ಶುಕ್ರವಾರ ಲವೋನಳದು, ಮಂಗಳವಾರ, ಗುರುವಾರ, ಶನಿವಾರ ನನ್ನದು, ಭಾನುವಾರ ದೇವರದು. ಈ ಹಂಚಿಕೆಯನ್ನು ಯಾರೂ ಬಾಯಲ್ಲಿ ಹೇಳಲಿಲ್ಲ, ತಾನಾಗಿ ಆಯಿತು. ನನ್ನ ದಿನ ನಾನು ಹೋದಾಗ ಒಲೆಗೆ ಕಟ್ಟಿಗೆ ಒಟ್ಟಿರುತ್ತಿತ್ತು, ಕಡ್ಡಿ ಗೀರಿದರೆ ಸಾಕು. ಅವಳ ದಿನಕ್ಕೆ ನಾನೂ ಒಟ್ಟಿಡುತ್ತಿದ್ದೆ. ಅವಳ ತೂತಿನ ಪಕ್ಕದ ಸ್ಟೂಲು ಖಾಲಿಯಿರುತ್ತಿತ್ತು, ಅದನ್ನು ನೋಡದಂತೆ ನಾನು ಗೋಡೆಗೆ ಮುಖಮಾಡಿ ಕುಳಿತುಕೊಳ್ಳುತ್ತಿದ್ದೆ. ಈ ಮಾತನ್ನು ತಮಗೆ ಮಾತ್ರ ಹೇಳುತ್ತಿದ್ದೇನೆ, ಮತ್ತು ಡೆಲ್ಮರನ ಅಂಗಡಿಗೆ ಬರುವ ಎಲ್ಲರಿಗೂ.

ಏಪ್ರಿಲಿನಲ್ಲಿ ತಾವು ಹೊಳೆಗೆ ಬರುವ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಂಜು ಕರಗಿದ ವಾರ, ಹಿಡಿಯಲು ನಿಷೇಧವಿರುವ ಆ ಪುಣ್ಯಕಾಲದಲ್ಲಿ, ತಾವು ಸಕುಟುಂಬರಾಗಿ ಮೊಟ್ಟೆಯಿಡಲು ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿಗೆ ಬಂದು ಬಿಳಿಹೊಟ್ಟೆ ಹೊರಳಿಸುತ್ತೀರಿ. ಇಡೀ ಊರು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಸೇತುವೆಯ ಕಟಕಟೆಗೆ ಆತು ನಿಂತು ನೋಡುತ್ತದೆ. ಊಟಕ್ಕೆ ಕರೆಯದ ಮದುವೆಮನೆಯ ಮುಂದೆ ನಿಂತಂತೆ ನಮ್ಮ ಸ್ಥಿತಿ. ಅಲ್ಲಿಗೆ ಲವೋನಳೂ ಬರುತ್ತಿದ್ದಳು. ಅವಳು ಪೂರ್ವದ ತುದಿಯಲ್ಲಿ, ನಾನು ಪಶ್ಚಿಮದ ತುದಿಯಲ್ಲಿ. ಒಂದು ವರ್ಷ ತಾವು ಹರಿದ ಬಾಲ ಬೀಸುತ್ತ ಪೂರ್ವದಿಂದ ಪಶ್ಚಿಮಕ್ಕೆ ನಿಧಾನವಾಗಿ ಹೋದಿರಿ, ನಾವಿಬ್ಬರೂ ತಮ್ಮನ್ನು ನೋಡುತ್ತ ನೋಡುತ್ತ ತಲೆಯೆತ್ತಿದಾಗ ಒಬ್ಬರನ್ನೊಬ್ಬರು ನೋಡಿಬಿಟ್ಟೆವು. ಅವಳು ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡಳು. ಆ ವಾರದ ಕೇಕಿನಲ್ಲಿ ದ್ರಾಕ್ಷಿ ಕಡಿಮೆಯಿತ್ತು.

ಈಗ ಕಳೆದ ಜನವರಿಯ ಗುರುವಾರಕ್ಕೆ ಬರುತ್ತೇನೆ. ಸೊನ್ನೆಗಿಂತ ಮೂವತ್ತು ಕೆಳಗಿನ ಚಳಿ, ಹೊರಗೆ ಉಗುಳಿದರೆ ಸದ್ದು ಮಾಡಿ ಬೀಳುವಂಥದ್ದು. ಗುರುವಾರ ಹನ್ನೊಂದಕ್ಕೆ ನಾನು ಮೀನುಮನೆ ಬಿಟ್ಟು ಚರ್ಚಿನ ಕೌದಿ ಹೊಲಿಯುವ ಗುಂಪಿಗೆ ಹೋಗುತ್ತೇನೆ, ಇದು ಊರಿಗೆಲ್ಲ ಗೊತ್ತು. ಅಂದು ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ತಾವು ನನ್ನ ಗಾಳದ ಮೀನುಮರಿಯನ್ನು ಬಾಯಿಗೆ ಹಾಕಿಕೊಂಡಿರಿ. ಹನ್ನೊಂದೂಕಾಲಕ್ಕೆ ನಾನು ಮಂಡಿಯೂರಿ ದಾರ ಬಿಡುತ್ತ, ಎಳೆಯುತ್ತ ಇದ್ದಾಗ ಬಾಗಿಲು ತೆರೆಯಿತು. ಹಿಂದಿನ ದಿನ ಕನ್ನಡಕ ಮರೆತುಹೋಗಿದ್ದ ಲವೋನ್, ನಾನು ಹೋಗಿರುತ್ತೇನೆಂಬ ಭರವಸೆಯಲ್ಲಿ ಬಂದಿದ್ದಳು.

ಅವಳು ನನ್ನನ್ನು ನೋಡಿದಳು. ಬಾಗಿದ ಕೋಲನ್ನು ನೋಡಿದಳು. ಬಾಗಿಲು ಹಾಕಿಕೊಂಡು, ಕೈಗವಸು ಕಿತ್ತೊಗೆದು, ನನ್ನ ಎದುರಿಗೆ ಮಂಡಿಯೂರಿದಳು. ಎಪ್ಪತ್ತೆರಡು ವರ್ಷದ ಮಂಡಿಗಳು ಎರಡೂ ಲಟ್ಟೆಂದವು. ಆ ಇಕ್ಕಟ್ಟು ತೂತಿನೊಳಗೆ ತಾವು ಮೂಗು ತೂರಿಸಿದಾಗ ಅವಳು ಒಂಬತ್ತು ವರ್ಷಗಳ ಮೇಲೆ ನನ್ನೊಡನೆ ಮೊದಲ ಮಾತಾಡಿದಳು. "ತಲೆ ಕಡೆಯಿಂದ್ಲೇ ಬರ್ತಿದಾಳೆ ಕಣೇ," ಎಂದಳು.

ಮಂಜುನೀರಿಗೆ ಮೊಣಕೈವರೆಗೆ ಕೈಯಿಳಿಸಿ ಅವಳು ತಮ್ಮನ್ನು ಎತ್ತಿದಳು. ಬೆನ್ನಿನ ಮೂರನೆಯ ಮುಳ್ಳು ಇರಲಿಲ್ಲ. ಬಾಲದ ಬಿಳಿಗುರುತು ಅರ್ಧ ಹರಿದಿತ್ತು. ತಮ್ಮ ನಡು ಅಗಲವಾಗಿತ್ತು, ನಮ್ಮದೂ.

"ಅವಳೇ," ಎಂದೆ ನಾನು.

"ಅವಳೇ," ಎಂದಳು ಲವೋನ್. "ಫೋಟೋ ತೆಗಿ, ಬೇಗ. ಕಣ್ಣು ಒಣಗುತ್ತೆ ಪಾಪ."

ಸಿಗ್ನಲ್ ಸಿಗಲಿ ಎಂದು ನನ್ನ ಫೋನನ್ನು ಕಿಟಕಿಯ ಅಂಚಿನಲ್ಲಿಟ್ಟಿದ್ದೆ. ಅದು ಚಳಿಗೆ ಸತ್ತು ಕಲ್ಲಾಗಿತ್ತು. ಲವೋನಳ ಫೋನು ಅವಳ ಅಡುಗೆಮನೆಯಲ್ಲಿ ಚಾರ್ಜ್ ಆಗುತ್ತಿತ್ತು. ಅಳತೆಪಟ್ಟಿ ಟ್ರಕ್ಕಿನಲ್ಲಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಿಯಮವೆಂದರೆ ನಿಯಮ. "ನೀನೇ ಬಿಡೇ," ಎಂದು ತಮ್ಮನ್ನು ನನ್ನ ಕೈಗೆ ಕೊಟ್ಟಳು. ಒಂಬತ್ತು ವರ್ಷಗಳಲ್ಲಿ ಈ ಊರಿನಲ್ಲಿ ಒಬ್ಬರು ನನ್ನ ಕೈಗೆ ಮೀನು ನಂಬಿ ಕೊಟ್ಟದ್ದು ಅದೇ ಮೊದಲು, ನನ್ನ ಕಣ್ಣು ತುಂಬಿ ಬಂತು, ಮತ್ತು ಆ ಮಂಜಿನಲ್ಲಿ ತಾವು ಹೇಗೆ ಹೋದಿರೆಂದು ನನಗೆ ಸರಿಯಾಗಿ ಕಾಣಲೂ ಇಲ್ಲ. ಲವೋನ್ ಎದ್ದು, ತನ್ನ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಕುಳಿತು, "ಕಾಫಿ ಇದೆಯಾ?" ಎಂದಳು. ಕೌದಿಯ ಗುಂಪಿನವರು ನನಗೇನೋ ಆಗಿರಬೇಕೆಂದು ಮಧ್ಯಾಹ್ನ ಎರಡಕ್ಕೆ ಹುಡುಕಿಕೊಂಡು ಬಂದರು.

ಇಲ್ಲಿಂದ ಮುಂದೆ ನನ್ನ ನಿಜವಾದ ದೂರು ಆರಂಭವಾಗುತ್ತದೆ. ನಾವಿಬ್ಬರೂ ನೇರವಾಗಿ ಡೆಲ್ಮರನ ಅಂಗಡಿಗೆ ಹೋದೆವು, ಒಂದೇ ಟ್ರಕ್ಕಿನಲ್ಲಿ, ಊರು ಬಾಗಿಲಿಗೆ ಬಂದು ನೋಡುವಂತೆ. ನಡೆದದ್ದು ಹೇಳಿದೆವು. ಡೆಲ್ಮರ್ ಜಿಗಣೆ ಎಣಿಸುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿ, "ಒಂಬತ್ತು ವರ್ಷ ಮಾತಾಡ್ದೇ ಇದ್ದೋರು, ಇಬ್ರೂ ಸೇರಿ ಇಷ್ಟು ದೊಡ್ಡ ಸುಳ್ಳು ಹೇಳೋಕೇ ಒಂದಾದ್ರಾ? ಚೆನ್ನಾಗಿದೆ, ಒಂಥರಾ" ಎಂದ. ಹಿಂದಿನಿಂದ ಯಾರೋ ಉದ್ದವೆಷ್ಟು ಎಂದು ಕೇಳಿದರು. ನಾನು ಮೂವತ್ತೊಂದು ಇಂಚು ಎಂದೆ. ಅದೇ ಉಸಿರಿಗೆ ಲವೋನ್ ಮೂವತ್ತೂವರೆ ಎಂದಳು. ಅಂಗಡಿಯೆಲ್ಲ ನಕ್ಕಿತು. ಅಂದಿನಿಂದ ನಾವು ಎಲ್ಲಿ ಹೋದರೂ ಇದೇ. ಬ್ಯಾಂಕಿನಲ್ಲಿ, ಚರ್ಚಿನಲ್ಲಿ, ಶುಕ್ರವಾರದ ಕರಿದ ಮೀನಿನ ಊಟದಲ್ಲಿ, "ಪರವಾಗಿಲ್ಲ ಬಿಡಿ, ಇಬ್ರೂ ಮಾತಾಡ್ತಿದೀರಲ್ಲ, ಅದೇ ಸಾಕು" ಎಂದು ಬೆನ್ನು ತಟ್ಟುತ್ತಾರೆ. ಜಗತ್ತಿನಲ್ಲಿ ನನ್ನ ಮಾತನ್ನು ನಿಜವೆಂದು ಬಲ್ಲವಳು ಒಬ್ಬಳೇ, ಅವಳ ಮಾತನ್ನು ಬಲ್ಲವಳು ನಾನೊಬ್ಬಳೇ. ಹೀಗಾಗಿ ನಾವು ದಿನಾ ಭೇಟಿಯಾಗದೆ ಬೇರೆ ದಾರಿಯೇ ಉಳಿದಿಲ್ಲ.

ಆದ್ದರಿಂದ ದಯಾಮಯಿಗಳಾದ ತಾವು, ಬರುವ ಮೇ ತಿಂಗಳ ಎರಡನೆಯ ಶನಿವಾರದೊಳಗೆ, ತಮಗೆ ಅನುಕೂಲವಾದ ಒಂದು ಬೆಳಿಗ್ಗೆ ಡೆಲ್ಮರನ ಅಂಗಡಿಗೆ ಖುದ್ದಾಗಿ ದಯಮಾಡಿಸಿ, ಗಲ್ಲಾದ ಮೇಲೆ ಮಲಗಿ, ಉದ್ದ ಅಳೆಸಿಕೊಂಡು, ನಡೆದದ್ದು ನಡೆದಿದೆ ಎಂದು ಈ ಪತ್ರದ ಅಂಚಿನಲ್ಲಿ ತಮ್ಮ ಪ್ರಸಿದ್ಧ ಹಲ್ಲುಗಳ ಗುರುತು ಒತ್ತಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ. ನೀರು ಬಿಟ್ಟು ಬರಲು ಆರೋಗ್ಯ ಅನುಮತಿಸದಿದ್ದರೆ, ಏಪ್ರಿಲಿನಲ್ಲಿ ಸೇತುವೆಯ ಕೆಳಗೆ ಬಂದಾಗ, ಊರೆಲ್ಲ ನೋಡುತ್ತಿರುವಂತೆ, ನಮ್ಮಿಬ್ಬರ ಕಡೆ ತಲೆ ಬಾಗಿಸಿ ಒಂದು ನಮಸ್ಕಾರ ಮಾಡಿದರೂ ನಡೆಯುತ್ತದೆ. ಗುರುತಿಸಲು ಕಷ್ಟವಾಗದು. ಈ ಸಲ ನಾವಿಬ್ಬರೂ ಸೇತುವೆಯ ಒಂದೇ ತುದಿಯಲ್ಲಿ ನಿಂತಿರುತ್ತೇವೆ.

ಹಾಗೆಯೇ, ತಮ್ಮ ಹೇಳಿಕೆಯಲ್ಲಿ ಒಂಬತ್ತು ವರ್ಷದ ಹಿಂದಿನ ಬೆಳಗಿನ ಬಗ್ಗೆಯೂ ಒಂದು ಸಾಲು ಸೇರಿಸಬೇಕೆಂದು ಕೋರುತ್ತೇನೆ. ತಾವು ತಪ್ಪಿಸಿಕೊಂಡದ್ದು ನನ್ನ ಬಲೆಯಿಂದಲೇ ಹೌದೇ, ಅಲ್ಲವೇ? ಹೌದಾದರೆ ಹೌದೆಂದೇ ಬರೆಯಿರಿ, ನಾನು ಒಪ್ಪಿಕೊಂಡು ಬಹಳ ಕಾಲವಾಗಿದೆ. ಆದರೆ ಹೊಸದಾಗಿ ಮಾತು ಕೂಡಿದ ಮೇಲೆ ಲವೋನ್ ಎಲ್ಲ ಮಾತಾಡಿದಳು, ಗಂಡನ ಗೊರಕೆ, ಮಂಡಿಯ ಮುಲಾಮು, ಪಾದ್ರಿಯ ತಾಯಿ. ಆ ಬೆಳಗಿನ ಹತ್ತಿರ ಬಂದಾಗ ಮಾತ್ರ ಕಾಫಿ ಲೋಟದೊಳಗೆ ನೋಡುತ್ತಾಳೆ. ನನ್ನನ್ನು ಅವಳು ಕ್ಷಮಿಸಿದ್ದಾಳೋ, ಸಾಕ್ಷಿಗೆ ಬೇಕೆಂದು ಇಟ್ಟುಕೊಂಡಿದ್ದಾಳೋ ತಿಳಿಯದೆ ನನಗೆ ಸರಿಯಾಗಿ ನಿದ್ದೆಯಿಲ್ಲ. ಅದೊಂದು ಗೊತ್ತಾದರೆ ಮೂವತ್ತೂವರೆ ಇಂಚಿಗೂ ನಾನು ಒಪ್ಪಿಕೊಳ್ಳಲು ಸಿದ್ಧಳಿದ್ದೇನೆ.

ತಮ್ಮ ಮೊಟ್ಟೆಗಳೆಲ್ಲ ಒಡೆದು ಮರಿಯಾಗಲಿ, ಆ ಮರಿಗಳಿಗಾದರೂ ಸ್ಥಳೀಯರ ಮೇಲೆ ಅಭಿಮಾನ ಬರಲಿ ಎಂದು ಹಾರೈಸುತ್ತ,

ತಮ್ಮ ವಿಶ್ವಾಸಿ, ಬಲೆಗೂ ಗಾಳಕ್ಕೂ ಸಮನಾಗಿ ಅರ್ಹಳಾದ,
ಆರ್ಲಿಸ್ ಟ್ವೈಟ್

ತಾ.ಕ.: ಮೇಲಿನದನ್ನು ಬರೆದು ಮುಗಿಸಿ, ಅಂಗಡಿಗೂ ತೂತಿಗೂ ತಲುಪಿಸಿ ಮನೆಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಅಮ್ಮನ ತಟ್ಟೆ ಇತ್ತು. ಪತ್ರವನ್ನು ಲವೋನ್ ಡೆಲ್ಮರನ ಫಲಕದಲ್ಲಿ ಓದಿದಳಂತೆ, ನೆಟ್ಟಗೆ ಮನೆಗೆ ಹೋಗಿ ಒಲೆ ಹಚ್ಚಿದಳಂತೆ. ಕೇಕಿನಲ್ಲಿ ಒಂದೇ ಒಂದು ಒಣದ್ರಾಕ್ಷಿ ಇರಲಿಲ್ಲ. ಕೊನೆಯ ತುಂಡನ್ನು ಎತ್ತಿದಾಗ ಅದರ ಕೆಳಗೆ ಮೇಣದ ಕಾಗದದ ಪುಟ್ಟ ಪೊಟ್ಟಣ ಸಿಕ್ಕಿತು, ಒಳಗೆ ಗೇಣುದ್ದದ ಹಳೆಯ ಗಾಳದ ದಾರ. ಚೀಟಿ ಇಲ್ಲ, ಬೇಕಾಗಿಯೂ ಇಲ್ಲ. ತುದಿ ಹಂದಿಯ ಬಾಲದಂತೆ ಸುರುಳಿ ಸುತ್ತಿದೆ.

ಆ ಗಂಟನ್ನು ಕಟ್ಟಿದವಳು ಅವಳೇ. ಅದು ಜಾರಿತ್ತೆಂದು ಅವಳಿಗೆ ಆ ಬೆಳಿಗ್ಗೆಯೇ ಗೊತ್ತಿತ್ತು. ಒಂಬತ್ತು ವರ್ಷ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದಳು. ನನ್ನ ಮೇಲಿನ ಸಿಟ್ಟಿಗೆ ಅವಳು ಬಾಯಿ ಮುಚ್ಚಿಕೊಂಡಿದ್ದಲ್ಲ, ಬಾಯಿ ಬಿಟ್ಟರೆ ಏನು ಬಂದೀತೆಂಬ ಹೆದರಿಕೆಗೆ. ಆದಕಾರಣ ತಮ್ಮ ಮೇಲಿನ ಪ್ರಕರಣವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ, ಕ್ಷಮೆ ಮಾತ್ರ ಕೇಳುವುದಿಲ್ಲ, ತಮಗೆ ಪರದೆಗಳ ವಿಷಯ ನೆನಪಿರಲಿ. ದಾರವನ್ನು ಡೆಲ್ಮರನ ಗೋಡೆಯ ಮೇಲೆ, ತಮ್ಮ ಚಿತ್ರ ಇರಬೇಕಾಗಿದ್ದ ಜಾಗದಲ್ಲಿ, ಕಟ್ಟು ಹಾಕಿಸಿ ತೂಗುಹಾಕಬಹುದಿತ್ತು. ಒಂದು ಗಂಟೆ ಹಾಗೆ ಯೋಚಿಸಿದೆ, ಬಹಳ ಹಿತವಾಗಿತ್ತು. ಆಮೇಲೆ ಅದನ್ನು ಒಲೆಗೆ ಹಾಕಿದೆ.

ತಟ್ಟೆ ತೊಳೆದಿಟ್ಟಿದ್ದೇನೆ. ಖಾಲಿ ಕಳಿಸುವ ಹಾಗಿಲ್ಲವಲ್ಲ, ಒಣದ್ರಾಕ್ಷಿ ತರಲು ಗೇಲನ್‌ನನ್ನು ಅಂಗಡಿಗೆ ಕಳಿಸಿದ್ದೇನೆ. ಎಷ್ಟು ಎಂದು ಕೇಳಿದ. ಅಲ್ಲಿ ಇರುವಷ್ಟನ್ನೂ ಎಂದಿದ್ದೇನೆ.